ಆಟಪಾಟವೂ ಒಂದು ವಿದ್ಯೆ: ಅದರಿಂದ ಬದುಕು ಸಾಗುವುದೇ?



ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಮನೆಗೆ ಬಂದು, "ಅಪ್ಪಾ, ನಾನು ಆಟದ ವಿದ್ಯೆಯನ್ನೇ ಓದುತ್ತೇನೆ" ಎಂದರೆ ನಾವು ಏನು ಹೇಳುತ್ತೇವೆ? "ಆಡುವುದಕ್ಕೂ ಓದಬೇಕೆ? ಹೊಲದಲ್ಲಿ ರಾಗಿ ಕಳೆಗೆ ಬಂದಿದೆ, ಕುಂಟೆ ಹೊಡೆ ನಡಿ" ಎನ್ನುವವರೇ ಹೆಚ್ಚು. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಮಕ್ಕಳ ಓದಿಗೆ ಹಾಕುವ ಹಣ ಬೆವರಿನ ಹಣ. ಆದರೆ ವಿಷಯ ತಿಳಿಯದೆ 'ಬೇಡ' ಎನ್ನುವುದೂ, ವಿಷಯ ತಿಳಿಯದೆ 'ಆಗಲಿ' ಎನ್ನುವುದೂ ಎರಡೂ ನಷ್ಟವೇ. ಆದ್ದರಿಂದ ಈ ವಿದ್ಯೆಯ ಸ್ವರೂಪವೇನು, ಅದರಿಂದ ಯಾವ ಕೆಲಸ ಸಿಗಬಹುದು ಎಂಬುದನ್ನು ಇಲ್ಲಿ ವಿವರಿಸಿದೆ.

ವಿನೋದವೆಂಬುದು ನಮಗೆ ಹೊಸದಲ್ಲ

ಸುಗ್ಗಿ ಮುಗಿದ ಮೇಲೆ ಕೋಲಾಟ, ಸೋಮನ ಕುಣಿತ, ಮೂಡಲಪಾಯದ ಆಟ, ಭಜನೆ, ಕಬಡ್ಡಿ ಇವೆಲ್ಲ ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದವು. ದುಡಿದ ಮೈಗೆ ವಿಶ್ರಾಂತಿ, ಬೇಸತ್ತ ಮನಸ್ಸಿಗೆ ಉಲ್ಲಾಸ, ಊರಿನಲ್ಲಿ ಒಗ್ಗಟ್ಟು ಇವೇ ಅದರ ಫಲ. ಬಿಡುವಿನ ವೇಳೆಯನ್ನು ಜನರು ಆರೋಗ್ಯಕರವಾಗಿ ಕಳೆಯುವಂತೆ ಮಾಡುವುದು ಹೇಗೆ ಎಂಬುದನ್ನು ಅಮೆರಿಕ, ಕೆನಡಾ ಮೊದಲಾದ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಪ್ರತ್ಯೇಕ ವಿಷಯವಾಗಿ ಕಲಿಸುತ್ತಾರೆ. ಅಲ್ಲಿ ಕಲಿತವರು ಉದ್ಯಾನ, ಆಟದ ಬಯಲು, ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುತ್ತಾರೆ. ನಮ್ಮ ನಾಡಿನಲ್ಲಿ ಇದೇ ವಿದ್ಯೆ ದೈಹಿಕ ಶಿಕ್ಷಣ, ಆಟದ ತರಬೇತಿ, ರಂಗಕಲೆ ಮತ್ತು ಜಾನಪದ, ಪ್ರವಾಸ ಎಂದು ನಾಲ್ಕು ಕವಲಾಗಿ ಹರಡಿದೆ.

೧. ದೈಹಿಕ ಶಿಕ್ಷಣ

ಇದೇ ಹಳೆಯ ಕವಲು. ೧೯೨೦ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಎಂಬವರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಪ್ರಾರಂಭಿಸಿದರು. ೧೮೫೭ರ ಸ್ವಾತಂತ್ರ್ಯ ಸಮರದ ನೂರನೆಯ ವರ್ಷದಲ್ಲಿ, ೧೯೫೭ರಲ್ಲಿ, ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಕೇಂದ್ರ ಸರ್ಕಾರದ ಕಾಲೇಜು ಸ್ಥಾಪನೆಯಾಯಿತು.

ಇಲ್ಲಿ ಬರಿಯ ಆಟ ಆಡಿಸುವುದಿಲ್ಲ. ಮೂಳೆ, ಮಾಂಸಖಂಡ, ಉಸಿರಾಟಗಳ ಶಾಸ್ತ್ರ, ಪ್ರಥಮ ಚಿಕಿತ್ಸೆ, ಯೋಗ, ಮಕ್ಕಳ ಮನಃಶಾಸ್ತ್ರ, ಪಾಠ ಹೇಳುವ ಕ್ರಮ ಇವನ್ನೆಲ್ಲ ಕಲಿಯಬೇಕು. ಪುರುಷರ ಕಬಡ್ಡಿ ಅಂಗಣ ೧೩ ಮೀಟರು ಉದ್ದ, ೧೦ ಮೀಟರು ಅಗಲ. ವಾಲಿಬಾಲ್ ಅಂಗಣ ೧೮ಕ್ಕೆ ೯ ಮೀಟರು. ಇಂಥವನ್ನು ತಾನೇ ಅಳೆದು ಗೆರೆ ಹಾಕುವುದೂ ಪಾಠದ ಭಾಗವೇ.

ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ ೨೦೧೪ರ ನಿಯಮಾವಳಿಯಂತೆ ಮೂರು ಮೆಟ್ಟಿಲುಗಳಿವೆ. ಪಿ.ಯು.ಸಿ. ಆದ ಮೇಲೆ ಎರಡು ವರ್ಷದ ಡಿ.ಪಿ.ಇಡಿ.; ಯಾವುದಾದರೂ ಪದವಿಯ ಮೇಲೆ ಎರಡು ವರ್ಷದ ಬಿ.ಪಿ.ಇಡಿ.; ಅದರ ಮೇಲೆ ಎರಡು ವರ್ಷದ ಎಂ.ಪಿ.ಇಡಿ. ಮೊದಲನೆಯದರಿಂದ ಪ್ರಾಥಮಿಕ ಶಾಲೆಯ, ಎರಡನೆಯದರಿಂದ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಾಗಲು ಅರ್ಹತೆ ದೊರೆಯುತ್ತದೆ. ಎಂ.ಪಿ.ಇಡಿ. ಮುಗಿಸಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬಹುದು. ಆ ಹುದ್ದೆಗೆ ಓಟದ ಪರೀಕ್ಷೆಯೂ ಉಂಟು.

ಲೆಕ್ಕ ಹಾಕಿ ನೋಡಿ. ಪಿ.ಯು.ಸಿ.ಯಿಂದ ಮೂರು ವರ್ಷದ ಪದವಿ, ಅಲ್ಲಿಂದ ಬಿ.ಪಿ.ಇಡಿ. ಸೇರಿ ಐದು ವರ್ಷ, ಎಂ.ಪಿ.ಇಡಿ.ಯೂ ಆದರೆ ಏಳು ವರ್ಷ. ತೆಂಗಿನ ಸಸಿ ನೆಟ್ಟು ಫಲಕ್ಕೆ ಕಾಯುವಷ್ಟು ಕಾಲ. ಅಷ್ಟು ಕಾಲ ನೀರು ಹಾಕುವ ಶಕ್ತಿ ಮನೆಗೆ ಇದೆಯೇ ಎಂದು ಮೊದಲೇ ಯೋಚಿಸಬೇಕು.

೨. ತರಬೇತುದಾರರು

ಒಂದೇ ಆಟದಲ್ಲಿ ಪಳಗಿದವರಿಗೆ ಇದು ದಾರಿ. ೧೯೬೧ರಲ್ಲಿ ಪಟಿಯಾಲದಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ತರಬೇತುದಾರರಿಗೆ ಡಿಪ್ಲೊಮಾ ಕೊಡುತ್ತದೆ. ಅದರ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಆಟದಲ್ಲಿ ಹೆಸರು ಮಾಡಿದ ದಾಖಲೆ ಇಲ್ಲದವರಿಗೆ ಇಲ್ಲಿ ಪ್ರವೇಶ ಕಷ್ಟ. ಆದ್ದರಿಂದ ಶಾಲೆ, ತಾಲ್ಲೂಕು, ಜಿಲ್ಲೆಯ ಪಂದ್ಯಗಳಲ್ಲಿ ಮಕ್ಕಳು ಪಡೆದ ಪ್ರಮಾಣಪತ್ರಗಳನ್ನು ಪಹಣಿಯಂತೆಯೇ ಜೋಪಾನವಾಗಿಡಬೇಕು.

೩. ರಂಗಕಲೆ ಮತ್ತು ಜಾನಪದ

ಇದಕ್ಕೆ ನಮ್ಮ ನೆರೆಯ ಗುಬ್ಬಿಯೇ ಸಾಕ್ಷಿ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿನಲ್ಲೆಲ್ಲ ಹೆಸರಾಗುವಂತೆ ಬೆಳೆಸಿದರು. ಬಡಗಿ, ಬಣ್ಣಗಾರ, ದರ್ಜಿ, ವಾದ್ಯಗಾರ, ನಟ ನಟಿಯರಿಗೆಲ್ಲ ಅದು ಅನ್ನ ಕೊಟ್ಟ ಮನೆ. ಅಲ್ಲಿಗೆ ಬಾಲಕನಾಗಿ ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರೇ ಕಾಶಿಗೆ ಕಳುಹಿಸಿ ಓದಿಸಿದರು. ಮುಂದೆ ಅವರು ೧೯೭೭ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಕಲೆಯ ಜೊತೆಗೆ ಓದೂ ಸೇರಿದರೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈಗ ರಂಗಶಿಕ್ಷಣಕ್ಕೆ ಹೆಗ್ಗೋಡಿನ ನೀನಾಸಮ್ ಇದೆ. ಹಳ್ಳಿಯಲ್ಲೇ ಇರುವ ಈ ಸಂಸ್ಥೆಯ ರಂಗಶಿಕ್ಷಣ ಕೇಂದ್ರ ೧೯೮೦ರಲ್ಲಿ ಶುರುವಾಯಿತು. ಜನಪದ ಕಲೆಗಳಿಗಾಗಿಯೇ ೨೦೧೧ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ.

೪. ಪ್ರವಾಸ ಮತ್ತು ಚಾರಣ

ಊರ್ಡಿಗೆರೆಯ ಸಮೀಪದ ದೇವರಾಯನದುರ್ಗಕ್ಕೂ ನಾಮದ ಚಿಲುಮೆಗೂ ರಜಾದಿನ ಬಂದರೆ ಪಟ್ಟಣದ ಜನ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಬೆಟ್ಟ ಅವರಿಗೆ ವಿನೋದ. ತಿಳಿದವನಿಗೆ ಅದು ಉದ್ಯೋಗ. ಪ್ರವಾಸ ನಿರ್ವಹಣೆಯನ್ನು ಕಾಲೇಜುಗಳಲ್ಲಿ ಪದವಿಯಾಗಿ ಕಲಿಸುತ್ತಾರೆ. ಬೆಟ್ಟ ಹತ್ತುವುದು, ದೋಣಿ ನಡೆಸುವುದು ಇವುಗಳಿಗೆ ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತದೆ. ಕಾಡಿನ ಮರ, ಹಕ್ಕಿ, ಕಲ್ಲು, ಕಥೆ ತಿಳಿದ ಹಳ್ಳಿಯ ಹುಡುಗನಿಗೆ ಇಲ್ಲಿ ಪಟ್ಟಣದವನಿಗಿಂತ ಒಂದು ಹೆಜ್ಜೆ ಮುಂದಿರುವ ಅವಕಾಶವಿದೆ. ಓದಿ ಬಂದವನು ಸ್ವಂತ ತೋಟದಲ್ಲೇ ಪ್ರವಾಸಿಗರಿಗೆ ಊಟ, ವಸತಿ ಏರ್ಪಡಿಸಲೂಬಹುದು.

ಎಚ್ಚರಿಕೆಯ ಮಾತು

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಸರ್ಕಾರಿ ಹುದ್ದೆಗಳು ಪ್ರತಿವರ್ಷವೂ ತುಂಬುವುದಿಲ್ಲ. ಪ್ರಮಾಣಪತ್ರ ಹಿಡಿದು ಬಂದವರೆಲ್ಲರಿಗೂ ಕೆಲಸ ಕಾದಿರುವುದಿಲ್ಲ. ಖಾಸಗಿ ಶಾಲೆ, ವ್ಯಾಯಾಮಶಾಲೆಗಳಲ್ಲಿ ಸಂಬಳ ಒಂದೇ ಸಮನಾಗಿರುವುದಿಲ್ಲ. ನಟನ ಬದುಕಂತೂ ಮಳೆಯನ್ನು ನಂಬಿದ ಹೊಲದಂತೆ. ಆದ್ದರಿಂದ ಕೆಳಗಿನ ನಾಲ್ಕು ಮಾತು ನೆನಪಿರಲಿ.

ಒಂದು: ದೈಹಿಕ ಶಿಕ್ಷಣದ ಕಾಲೇಜಿಗೆ ಹಣ ಕಟ್ಟುವ ಮೊದಲು ಅದಕ್ಕೆ ಮೇಲೆ ಹೇಳಿದ ರಾಷ್ಟ್ರೀಯ ಪರಿಷತ್ತಿನ ಮಾನ್ಯತೆಯೂ ವಿಶ್ವವಿದ್ಯಾನಿಲಯದ ಸಂಯೋಜನೆಯೂ ಆ ವರ್ಷಕ್ಕೆ ಇವೆಯೇ ಎಂದು ಕಾಗದದಲ್ಲಿ ನೋಡಿರಿ. ಮಾನ್ಯತೆಯಿಲ್ಲದ ಪದವಿ ಮೊಳೆಯದ ಬೀಜ.

ಎರಡು: ಪ್ರವೇಶದ ನಿಯಮಗಳು ಆಗಾಗ್ಗೆ ಬದಲಾಗುತ್ತವೆ. ಸೇರುವ ವರ್ಷದ ನಿಯಮವನ್ನೇ ಕೇಳಿ ತಿಳಿಯಿರಿ. ತುಮಕೂರಿನ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲೂ, ೨೦೦೪ರಿಂದ ಇರುವ ತುಮಕೂರು ವಿಶ್ವವಿದ್ಯಾನಿಲಯದಲ್ಲೂ ವಿಚಾರಿಸಬಹುದು.

ಮೂರು: "ಕೆಲಸ ಕೊಡಿಸುತ್ತೇನೆ" ಎಂದು ಮುಂಗಡ ಕೇಳುವವರನ್ನು ಹತ್ತಿರ ಸೇರಿಸಬೇಡಿ. ಇದಕ್ಕಾಗಿ ಜಮೀನನ್ನು ಭೋಗ್ಯಕ್ಕೆ ಹಾಕುವುದು ಸಲ್ಲದು.

ನಾಲ್ಕು: ಹೆಣ್ಣುಮಕ್ಕಳನ್ನು ಹಿಂದೆ ಹಾಕಬೇಡಿ. ಹೆಣ್ಣುಮಕ್ಕಳಿಗೆ ಆಟ ಕಲಿಸಲು ಶಿಕ್ಷಕಿಯರಿದ್ದರೆ ಎಷ್ಟೋ ತಾಯಂದಿರು ನಿಶ್ಚಿಂತೆಯಿಂದ ಮಕ್ಕಳನ್ನು ಬಯಲಿಗೆ ಕಳುಹಿಸುತ್ತಾರೆ.

ಊರಿಗೆ ಏನು ಲಾಭ?

ಇಂಥ ವಿದ್ಯೆ ಕಲಿತ ಒಬ್ಬನೋ ಒಬ್ಬಳೋ ಊರಿನಲ್ಲಿದ್ದರೆ ಶಾಲೆಯ ಬಯಲು ಒತ್ತುವರಿಯಾಗದೆ ಆಟದ ಬಯಲಾಗಿಯೇ ಉಳಿಯುತ್ತದೆ. ಸಂಜೆ ಹೊತ್ತು ಹುಡುಗರು ಇಸ್ಪೀಟಿನ ಕಟ್ಟೆಗೆ ಹೋಗುವ ಬದಲು ಕಬಡ್ಡಿಯ ಅಂಗಣಕ್ಕೆ ಬರುತ್ತಾರೆ. ಮುದುಕರೊಡನೆ ಮರೆಯಾಗುತ್ತಿರುವ ಮೂಡಲಪಾಯದ ಹೆಜ್ಜೆ ಮುಂದಿನವರ ಕಾಲಿಗೆ ಬರುತ್ತದೆ. ಈ ಲಾಭ ರೂಪಾಯಿಯ ಲೆಕ್ಕಕ್ಕೆ ಸಿಗುವುದಲ್ಲ.

ಮಗ ಕೇಳಿದಾಗ ಬೈಯುವ ಮೊದಲು ಹತ್ತಿರ ಕೂರಿಸಿಕೊಂಡು ಕೇಳಿರಿ: ಯಾವ ಕವಲು, ಎಷ್ಟು ವರ್ಷ, ಎಷ್ಟು ಖರ್ಚು, ಕೆಲಸ ತಡವಾದರೆ ಏನು ಮಾಡುವೆ? ಈ ನಾಲ್ಕಕ್ಕೂ ಅವನಲ್ಲಿ ಉತ್ತರವಿದ್ದರೆ ಅವನಿಗೆ ಆಟವಾಡುವ ಚಪಲ ಮಾತ್ರವಲ್ಲ, ಓದುವ ಮನಸ್ಸೂ ಇದೆಯೆಂದು ತಿಳಿಯಬಹುದು.