ಸರಳ ಎಂದರೆ ಕಡಿಮೆ ಎಂದೇ?

“ನಮಗೇನೂ ಬೇಡ ಕಣ್ರೀ, ಮದುವೆ ಸರಳವಾಗಿ ಮಾಡಿಕೊಟ್ಟರೆ ಸಾಕು.” ಗಂಡಿನ ಕಡೆಯವರ ಈ ಮಾತನ್ನು ನೀವೂ ಕೇಳಿರುತ್ತೀರಿ. ಅದರ ಬೆನ್ನಿಗೇ ಛತ್ರ ಇಂಥದೇ ಆಗಬೇಕು, ಬೀಗರಿಗೆ ಇಂತಿಷ್ಟು ಸೀರೆ ಎಂಬ ಪಟ್ಟಿಯೂ ಬಂದಿರುತ್ತದೆ! ಹಾಗಾದರೆ ಸರಳ ಎಂದರೇನು?

ಪದ ಸಂಸ್ಕೃತದ್ದು. ನೇರವಾದದ್ದು, ಡೊಂಕಿಲ್ಲದ್ದು ಎಂದು ಅದರ ಅರ್ಥ. ಹಿಮಾಲಯದಲ್ಲಿ ನೆಟ್ಟಗೆ ಬೆಳೆಯುವ ಪೈನ್ ಮರಕ್ಕೂ ಸಂಸ್ಕೃತದಲ್ಲಿ ‘ಸರಲ’ ಎಂದೇ ಹೆಸರು. ಶಾಲೆಯ ವ್ಯಾಕರಣ ನೆನಪಿದೆಯೇ? ಕ, ಚ, ಟ, ತ, ಪ ಪರುಷ, ಅಂದರೆ ಗಡಸು. ಗ, ಜ, ಡ, ದ, ಬ ಸರಳ. ಮಳೆ, ಕಾಲ ಕೂಡಿ ‘ಮಳೆಗಾಲ’ ಆಗುವಾಗ ಗಡಸು ‘ಕ’ ಹೋಗಿ ಮೆದುವಾದ ‘ಗ’ ಬರುತ್ತದೆ. ಇನ್ನು ಇಂಗ್ಲಿಷಿನ ‘ಸಿಂಪಲ್’ ಲ್ಯಾಟಿನ್ ಮೂಲದ್ದು. ಒಂದೇ ಮಡಿಕೆಯದು ಎಂದರ್ಥ. ಸೀರೆ ಮಡಿಸುವ ನಮಗೆ ಇದು ಬೇಗ ತಿಳಿಯುತ್ತದೆ. ಮಡಿಕೆ ಹೆಚ್ಚಿದಷ್ಟೂ ಒಳಗೇನಿದೆ ಎಂದು ಕಾಣದು.

ನೋಡಿ, ನೇರ, ಮೆದು, ಒಂದೇ ಮಡಿಕೆ. ‘ಕಡಿಮೆ’ ಎಂಬ ಅರ್ಥ ಎಲ್ಲೂ ಇಲ್ಲ!

ಗಿರಿನಗರಕ್ಕೆ ಸಮೀಪದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರಿದ್ದರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದವರು. ಆದರೂ ಖಾದಿ ಪಂಚೆ, ಜುಬ್ಬ, ಟೋಪಿ. ವಾಸ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ. 2005ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ಬಾಳಿದರು. ಸರಳವೆಂದು ಬಾಯಿ ಮುಚ್ಚಿ ಕೂತವರಲ್ಲ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಉಡುಪಿನಂತೆ ಪ್ರಶ್ನೆಯೂ ನೇರ.

ಅವರ ಸರಳತೆ ಅವರೇ ಆರಿಸಿಕೊಂಡದ್ದು. ಮನೆಯವರೆಲ್ಲ ಬೇಕಾದ್ದು ಕೊಂಡು, ಗೃಹಿಣಿಯೊಬ್ಬಳಿಗೆ ಮಾತ್ರ “ನೀನು ಸರಳ ಸ್ವಭಾವದವಳಮ್ಮ” ಎಂದರೆ ಅದು ಸರಳತೆಯಲ್ಲ, ಅವಳ ಪಾಲಿಗೆ ಕತ್ತರಿ!

ಮದುವೆಯ ಮಾತಿಗೆ ಮತ್ತೆ ಬರೋಣ. 1966ರಲ್ಲಿ ಕುವೆಂಪು ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಅಲ್ಲಿ ಗಂಡಿನ ತಂದೆಯೇ ಆಡಂಬರ ಬೇಡವೆಂದದ್ದು, ಗಮನಿಸಿ. ಆದ್ದರಿಂದ ನಿಮ್ಮ ಮನೆಯಲ್ಲೂ ‘ಸರಳ’ ಎಂಬ ಮಾತು ಬಂದಾಗ ಸಂಕೋಚಪಡಬೇಡಿ. ಎಷ್ಟು ಜನ ಬರುತ್ತಾರೆ, ಯಾವ ಖರ್ಚು ಯಾರದು ಎಂದು ಆಗಲೇ ಕೇಳಿ, ಒಂದು ಹಾಳೆಯಲ್ಲಿ ಬರೆದಿಡಿ. ವರದಕ್ಷಿಣೆಯ ಸುಳಿವು ಸಿಕ್ಕರೆ, ಕೇಳುವುದೂ ಕೊಡುವುದೂ 1961ರ ಕಾಯಿದೆಯಂತೆ ಅಪರಾಧ ಎಂದು ಹೇಳಿಬಿಡಿ. ನೇರವಾಗಿ ಕೇಳುವುದು ಒರಟುತನವಲ್ಲ. ಸರಳ ಎಂಬ ಪದದ ಮೊದಲ ಅರ್ಥವೇ ಅದು.