ಸರತಿ ಮುಗಿಸಿ ನಿಲ್ಲುವ ಅಂಚೆ ಸರ್ವರ್

ಇ-ಮೇಲ್ ಸರ್ವರನ್ನು ನೋಡಿಕೊಳ್ಳುವವರಿಗೆ ಕೆಲವೊಮ್ಮೆ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಚಾಲೂ ಮಾಡಿದೊಡನೆ ಸರತಿಯಲ್ಲಿದ್ದ ಪತ್ರಗಳು ಹೊರಟುಹೋಗುತ್ತವೆ. ಅನಂತರ ಸರ್ವರ್ ಸದ್ದಿಲ್ಲದೆ ನಿಂತುಬಿಡುತ್ತದೆ. ಮತ್ತೆ ಚಾಲೂ ಮಾಡಿದರೆ ಮತ್ತೆ ಅದೇ ಕಥೆ. ಇದೇಕೆ ಹೀಗೆ? ಯೂನಿಕ್ಸ್ ಮತ್ತು ಲಿನಕ್ಸ್ ಗಣಕಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೆಂಡ್‌ಮೇಲ್ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಅಂಚೆ ಸರ್ವರಿಗೆ ಎರಡು ಕೆಲಸಗಳಿವೆ. ಒಂದು, 25ನೆಯ ಪೋರ್ಟಿನಲ್ಲಿ ಕಾದಿದ್ದು ಹೊಸ ಪತ್ರಗಳನ್ನು ಸ್ವೀಕರಿಸುವುದು. ಎರಡು, ಒಡನೆಯೇ ತಲಪಿಸಲಾಗದ ಪತ್ರಗಳನ್ನು ಡಿಸ್ಕಿನಲ್ಲಿ ಸರತಿಯಲ್ಲಿಟ್ಟು ಆಗಾಗ ಮರಳಿ ಪ್ರಯತ್ನಿಸುವುದು. ಸೆಂಡ್‌ಮೇಲ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಸೂಚನೆಗಳಿವೆ. ‘ಬಿ’ ಮತ್ತು ‘ಡಿ’ ಅಕ್ಷರಗಳ ಸೂಚನೆ ಕೊಟ್ಟರೆ ಅದು ಹಿನ್ನೆಲೆಯಲ್ಲಿ ಸದಾ ಕಾಯುತ್ತದೆ. ‘ಕ್ಯೂ’ ಅಕ್ಷರದ ಮುಂದೆ 30 ನಿಮಿಷ ಎಂದು ಬರೆದರೆ ಪ್ರತಿ ಅರ್ಧ ಗಂಟೆಗೊಮ್ಮೆ ಸರತಿಯನ್ನು ನೋಡುತ್ತದೆ. ಬರಿಯ ‘ಕ್ಯೂ’ ಕೊಟ್ಟರೆ? ಸರತಿಯನ್ನು ಒಮ್ಮೆ ಮಾತ್ರ ನೋಡಿ ನಿರ್ಗಮಿಸುತ್ತದೆ! ಎಂದರೆ ಸರ್ವರ್ ಕೆಟ್ಟಿಲ್ಲ, ಹೇಳಿದಷ್ಟನ್ನೇ ಮಾಡಿದೆ.

ಆದ್ದರಿಂದ ಕ್ರಮವಾಗಿ ಪರೀಕ್ಷಿಸಿ. ಮೊದಲು ‘ಮೇಲ್‌ಕ್ಯೂ’ ಆಜ್ಞೆಯಿಂದ ಉಳಿದ ಪತ್ರಗಳನ್ನು ನೋಡಿ. ಅನಂತರ 25ನೆಯ ಪೋರ್ಟಿಗೆ ಸಂಪರ್ಕ ಕಲ್ಪಿಸಿ. 220 ಎಂಬ ಸಂಖ್ಯೆ ಬಂದರೆ ಸರ್ವರ್ ಪತ್ರ ಸ್ವೀಕರಿಸಲು ಸಿದ್ಧವಿದೆ. ಉತ್ತರವಿಲ್ಲದಿದ್ದರೆ ಚಾಲನೆಯ ಆಜ್ಞೆಯನ್ನು ಓದಿ. ಅದು ಸರಿಯಿದ್ದರೂ ಸರ್ವರ್ ನಿಂತರೆ ದಾಖಲೆ ಕಡತದ ಕೊನೆಯ ಸಾಲುಗಳನ್ನು ನೋಡಿ. ಬೇರೊಂದು ಪ್ರೋಗ್ರಾಂ ಅದೇ ಪೋರ್ಟನ್ನು ಹಿಡಿದಿದ್ದರೆ ಸೆಂಡ್‌ಮೇಲ್ ಹಲವು ಬಾರಿ ಪ್ರಯತ್ನಿಸಿ ಕೈಬಿಡುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಒಂದು ಎಚ್ಚರಿಕೆ. ಸರ್ವರ್ ಓಡಲೆಂದು ಸರತಿಯ ಕಡತಗಳನ್ನು ಅಳಿಸಬೇಡಿ. ಪತ್ರವನ್ನು ಪೂರ್ಣವಾಗಿ ಪಡೆದು 250 ಎಂದು ಉತ್ತರಿಸಿದ ಸರ್ವರ್ ಅದರ ಹೊಣೆಯನ್ನು ಹೊತ್ತಿರುತ್ತದೆ. ಕಳುಹಿಸಿದವರು ಪತ್ರ ತಲಪಿತೆಂದೇ ನಂಬಿರುತ್ತಾರೆ. ಅಳಿಸಿದರೆ ಅವರಿಗೆ ಸುದ್ದಿಯೂ ಸಿಗದು. ಅದರ ಬದಲು ಸರ್ವರ್ ಕೆಲಕಾಲ ನಿಂತಿದ್ದರೆ ಅಷ್ಟು ಹಾನಿಯಿಲ್ಲ. ಹೊರಗಿನ ಸರ್ವರುಗಳು ಪತ್ರವನ್ನು ತಮ್ಮಲ್ಲೇ ಇಟ್ಟುಕೊಂಡು ಮರಳಿ ಯತ್ನಿಸುತ್ತವೆ. 2008ರ ಅಂತರಜಾಲ ನಿಯಮಾವಳಿಯಂತೆ ಹೀಗೆ ಕನಿಷ್ಠ 4-5 ದಿನ ಯತ್ನಿಸಬೇಕು. ದೋಷ ಹುಡುಕಲು ನಿಮಗೆ ಅಷ್ಟು ಕಾಲಾವಕಾಶವಿದೆ.

ಶಾಲಾ ಕಾಲೇಜುಗಳಲ್ಲಿ ಲಿನಕ್ಸ್ ಗಣಕವಿದ್ದರೆ, ಅದನ್ನು ಜಾಲದಿಂದ ಬೇರ್ಪಡಿಸಿ, ಈ ಸೂಚನೆಗಳನ್ನು ಒಂದೊಂದಾಗಿ ಕೊಟ್ಟು ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು. ಸರತಿ ಖಾಲಿಯಾಗಿದೆ ಎಂದಮಾತ್ರಕ್ಕೆ ಸರ್ವರ್ ನಡೆಯುತ್ತಿದೆ ಎಂದಲ್ಲವೆಂಬುದು ಅವರಿಗೆ ಆಗ ಮನದಟ್ಟಾಗುತ್ತದೆ.