ಸಮವಸ್ತ್ರ ಕಳಚಿದ ಮೇಲೆ

ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಯ ಕಾವಲುಗಾರರಲ್ಲಿ ಮಾಜಿ ಸೈನಿಕರನ್ನು ನೀವು ಕಂಡಿರಬಹುದು. ಗಡಿ ಬಿಟ್ಟು ಬಂದರೂ ನಿದ್ದೆಗೆಡಿಸುವ ನೆನಪು, ಒಂಟಿತನ, ಕುಡಿತ ಕೆಲವರನ್ನು ಬಿಡುವುದಿಲ್ಲ. ಇವರಿಗೆ ನೆರವು ಎಲ್ಲಿದೆ?

ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ಜಿಲ್ಲಾ ಕಚೇರಿಗಳ ಮೂಲಕ ಉದ್ಯೋಗ, ಪಿಂಚಣಿ ವಿಷಯಗಳಲ್ಲಿ ನೆರವಾಗುತ್ತದೆ. ಚಿಕಿತ್ಸೆಯ ಹೊಣೆ ಬೇರೆಡೆ ಇದೆ. ಪಿಂಚಣಿ ಪಡೆಯುವವರಿಗೆ ಕೇಂದ್ರ ಸರ್ಕಾರ 2003ರಲ್ಲಿ ಆರಂಭಿಸಿದ ಇಸಿಎಚ್‌ಎಸ್ ಯೋಜನೆಯುಂಟು. ಪಿಂಚಣಿ ಇಲ್ಲದವರಿಗೂ ತೆರೆದಿರುವುದು, ರಾಜ್ಯದ ಆರೋಗ್ಯ ಇಲಾಖೆ ನಡೆಸುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಇದಕ್ಕೆ ಮಾದರಿ.

ಬಾಗಿಲು ಹಲವು, ದಾರಿ ತೋರುವವರು ಬೇಕು. ಸಂಕೋಚಪಡುವ ಹಿರಿಯರ ಮಾತನ್ನು ಮೊದಲು ಆಲಿಸಿ. ಬಳಿಕ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ತಿಳಿಸಿ: 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.